ಚುಕ್ಕಿಯ ಮೆತ್ತನೆ ಚಿಪ್ಪು

ಶುಕ್ರವಾರ ಬೆಳಿಗ್ಗೆ ಚುಕ್ಕಿಯ ಬೆನ್ನು ಒರೆಸುತ್ತಿದ್ದಾಗ ನನ್ನ ಹೆಬ್ಬೆರಳು ಒಳಕ್ಕೆ ಹೋಯಿತು. ಆಮೆಯ ಬೆನ್ನಿನೊಳಗೆ ಬೆರಳು ಹೋಗುವುದೆಂದರೇನು? ಕೈ ತೆಗೆದು ಇನ್ನೊಮ್ಮೆ ಮೆಲ್ಲಗೆ ಒತ್ತಿ ನೋಡಿದೆ. ಹಣ್ಣಾದ ಪಪ್ಪಾಯಿಯನ್ನು ಒತ್ತಿದ ಹಾಗೆ ಚಿಪ್ಪು ತಗ್ಗಿತು, ಬಿಟ್ಟರೆ ನಿಧಾನಕ್ಕೆ ಮೇಲೆ ಬಂತು. ಚುಕ್ಕಿ ಕಣ್ಣು ಬಿಡಲಿಲ್ಲ. ತಲೆಯನ್ನು ಒಳಗೆ ಎಳೆದುಕೊಳ್ಳಲೂ ಇಲ್ಲ.

ಮಂಚದ ಮೇಲಿಂದ ನಮ್ಮನೆಯವರು ನೋಡುತ್ತಿದ್ದರು. "ಏನು?" ಎಂದು ಕೇಳಲು ಅವರಿಗೆ ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ನಾನು ಚುಕ್ಕಿಯನ್ನು ಸೆರಗಿನಲ್ಲಿ ಮುಚ್ಚಿ, "ಏನಿಲ್ರೀ, ನಿದ್ದಿ ಮಾಡ್ತೈತಿ" ಎಂದು ಸುಳ್ಳು ಹೇಳಿದೆ. ಮದುವೆಯಾಗಿ ಇಪ್ಪತ್ತೇಳು ವರ್ಷ ಅವರನ್ನು ಬೇಕಾದಷ್ಟು ಬೈದಿದ್ದೇನೆ, ಸುಳ್ಳು ಹೇಳಿದ್ದು ಕಡಿಮೆ.

ನನ್ನ ಹೆಸರು ಜಗದಾಂಬ. ಶಿಕಾರಿಪುರದಲ್ಲಿ ಪಾತ್ರೆ ಅಂಗಡಿ ಹುಚ್ಚರಾಯಪ್ಪನವರ ಮನೆ ಯಾವುದು ಎಂದರೆ ಯಾರಾದರೂ ತೋರಿಸುತ್ತಾರೆ. ಆ ಹುಚ್ಚರಾಯಪ್ಪನವರೇ ನಮ್ಮನೆಯವರು. ಕಳೆದ ವರ್ಷ ಮಾಘದಲ್ಲಿ ಅಂಗಡಿಯ ಅಟ್ಟದಿಂದ ಕೊಳಗ ಇಳಿಸುತ್ತಿದ್ದವರು ಹಾಗೇ ಕುಸಿದು ಕೂತರು. ಲಕ್ವ ಹೊಡೆದಿತ್ತು. ಬಲಗಡೆಯ ಕೈಕಾಲು ಬಿದ್ದುಹೋಯಿತು, ಮಾತು ತೊದಲಾಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನವೇ ಅವರ ಸೋದರತ್ತೆ ವರದಮ್ಮ ಬಂದು ಕಟ್ಟಪ್ಪಣೆ ಮಾಡಿದರು. "ಲಕ್ವದೋರಿಗೆ ಗಾಳಿ ಸೋಕಬಾರ್ದು, ಬಿಸ್ಲು ಬೀಳಬಾರ್ದು. ಕತ್ತಲ ಕೋಣ್ಯಾಗ ಬೆಚ್ಚಗ ಇಡು. ಮೆತ್ತಗಿಂದು ಉಣ್ಸು."

ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ನಾನು ಕೋಣೆಯ ಕಿಟಕಿಗೆ ಕಂಬಳಿ ಹೊಡೆದು, ಬಾಗಿಲ ಸಂದಿಗೆ ಹಳೆ ಸೀರೆ ತುರುಕಿ ಅವರನ್ನು ಮಲಗಿಸಿದೆ. ವ್ಯಾಯಾಮ ಮಾಡಿಸುವ ಈಶ್ವರ್ ಎಂಬವರು ಎರಡು ದಿನ ಬಂದು ಕೈಕಾಲು ಎಳೆದಾಡಿದರು. ಮೂರನೇ ದಿನ, "ಅಮ್ಮಾರೆ, ಇವರನ್ನ ಅಂಗಳದಾಗ ನಿಲ್ಸೋಣ್ರಿ" ಎಂದರು. "ನಿಮ್ಮಪ್ಪನ್ನ ನಿಲ್ಸು ಹೋಗು" ಎಂದು ಅಟ್ಟಿದೆ. ನಾನೇನು ಬಾಯಿ ಸತ್ತವಳಲ್ಲ.

ಆ ಕೋಣೆಗೆ ಚುಕ್ಕಿ ಬಂದದ್ದು ಯುಗಾದಿ ಕಳೆದ ಮೇಲೆ. ತೊಗರ್ಸಿ ದಾರಿಯಲ್ಲಿರುವ ನಮ್ಮ ಹೊಲದಲ್ಲಿ ಕರಿಯಣ್ಣ ವರ್ಷಕ್ಕೊಮ್ಮೆ ತನ್ನ ಕುರಿ ಮಂದೆಯನ್ನು ಮಲಗಿಸುತ್ತಾನೆ. ಮೂರು ರಾತ್ರಿ ಕುರಿ ಮಲಗಿದರೆ ಆ ವರ್ಷದ ಗೊಬ್ಬರದ ಚಿಂತೆ ಇಲ್ಲ. ಹೋದ ವರ್ಷ ಬಂದವನು ಸಾಹುಕಾರರಿಗೆ ಹೀಗಾಯಿತೆಂದು ಕೇಳಿ ಮನೆಗೆ ಬಂದ. ಟವೆಲ್ಲಿನ ಗಂಟಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಎರಡು ಆಮೆ ಮರಿ ಇದ್ದವು. ಕಪ್ಪು ಚಿಪ್ಪು, ಅದರ ಮೇಲೆ ಹಳದಿ ಗೆರೆಯ ನಕ್ಷತ್ರಗಳು. ದೂರದ ಕುರುಚಲು ಕಾಡಿನಲ್ಲಿ ಕುರಿ ಮೇಯಿಸುವಾಗ ಸಿಕ್ಕವಂತೆ. "ಒಂದು ನನ್ನ ಮಗಳು ನಾಗಶ್ರೀಗೆ, ಒಂದು ನಿಮಗ. ಆಮಿ ಇದ್ದ ಮನ್ಯಾಗ ಆಯುಷ್ಯ ಗಟ್ಟಿ ಅವ್ವಾರೆ" ಎಂದು ಹೇಳಿ, ನಮ್ಮನೆಯವರ ಎದೆಯ ಮೇಲೆ ಒಂದನ್ನು ಬಿಟ್ಟು ಹೋದ.

ಅಲ್ಲಿಯವರೆಗೆ ಅವರು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದರು. ಎರಡು ತುತ್ತಿಗೆ ಬಾಯಿ ಮುಚ್ಚುತ್ತಿದ್ದರು. ಚುಕ್ಕಿ ಬಂದ ಮೂರನೇ ದಿನ, ಅದು ಎದೆಯ ಮೇಲಿಂದ ಹಾಸಿಗೆಗೆ ಇಳಿಯುವಾಗ ಅವರ ಬಲಗೈಯ ತೋರುಬೆರಳು ಅಲುಗಿತು. ಸತ್ತುಹೋಗಿದೆ ಎಂದುಕೊಂಡಿದ್ದ ಬೆರಳು! ಎರಡು ಅಂಗುಲ ತೆವಳಿ ಅದರ ಬೆನ್ನು ಮುಟ್ಟಿತು. ನಾನು ಕಣ್ಣಾರೆ ನೋಡಿದ್ದೇನೆ. ಅಂದಿನಿಂದ ಚುಕ್ಕಿ ತಿಂದರೆ ಅವರು ತಿಂದರು, ಅದು ಮಲಗಿದರೆ ಅವರು ಮಲಗಿದರು. ಇವರ ಜೀವ ಇರುವುದು ಇದರ ಮೇಲೆಯೇ ಎಂದು ನಾನು ಗಟ್ಟಿ ಮಾಡಿಕೊಂಡೆ.

ಹಾಗಾಗಿ ಇಬ್ಬರಿಗೂ ಒಂದೇ ಉಪಚಾರ. ಬೆಳಿಗ್ಗೆ ಮೆತ್ತಗೆ ಕಿವುಚಿದ ಹಾಲನ್ನ, ಮಧ್ಯಾಹ್ನ ಬಾಳೆಹಣ್ಣು, ಸಂಜೆ ಮತ್ತೆ ಹಾಲನ್ನ. ಸೋಮವಾರ ಪೂಜೆ ಮುಗಿಸಿ ಚುಕ್ಕಿಯ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರಿದರೆ ಕೋಣೆಯ ದೀಪದಲ್ಲಿ ಮಿರಮಿರ ಮಿಂಚುತ್ತಿತ್ತು. ಎಷ್ಟು ಬೇಗ ಬೆಳೆಯಿತೆಂದರೆ, ದೀಪಾವಳಿಗೆ ನನ್ನ ಅಂಗೈ ತುಂಬಿತು. ಕರಿಯಣ್ಣನಿಗೆ ಫೋನ್ ಮಾಡಿ, "ನಿನ್ ಮಗಳದು ಎಷ್ಟಾಗೈತೋ?" ಎಂದು ಕೇಳಿದೆ. "ಅರ್ಧ ಅಂಗೈ ಆದೀತು ಅವ್ವಾರೆ" ಎಂದ. ನನಗೆ ಒಳಗೊಳಗೇ ಹಿಗ್ಗು. ಆಮೇಲೆ ಅದರ ಚಿಪ್ಪಿನ ಒಂದೊಂದು ಬಿಲ್ಲೆಯೂ ಗುಬ್ಬಿಯಾಗಿ ಮೇಲೆದ್ದು, ಬಂದಳಿಕೆಯ ಗುಡಿಗಳ ಶಿಖರದ ಹಾಗೆ ಕಾಣತೊಡಗಿತು. ಲಕ್ಷಣ ಎಂದುಕೊಂಡೆ. ಕಾಲೂರಿ ಮೈ ಎತ್ತದೆ, ಹೊಟ್ಟೆ ಎಳೆದುಕೊಂಡು ಹೋಗುತ್ತಿತ್ತು. ಸೋಮಾರಿ ಎಂದು ನಕ್ಕೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಸುಮ್ಮನೆ ಅಲ್ಲ.

ಆ ಶುಕ್ರವಾರ ಚುಕ್ಕಿ ಏನೂ ಮುಟ್ಟಲಿಲ್ಲ. ನಮ್ಮನೆಯವರೂ ಮುಟ್ಟಲಿಲ್ಲ. ನನ್ನ ಸುಳ್ಳು ಮಧ್ಯಾಹ್ನದವರೆಗೂ ನಿಲ್ಲಲಿಲ್ಲ. ಅವರು ತುತ್ತಿಗೆ ತುಟಿ ಬಿಗಿ ಹಿಡಿದು, "ಚುಕ್ಕಿ?" ಎಂದರು. "ನೀವು ಉಣ್ರೀ, ಅದೂ ಉಣ್ತೈತಿ" ಎಂದೆ. ತಲೆ ಆ ಕಡೆ ತಿರುಗಿಸಿದರು. ರಾತ್ರಿ ಮಗಳು ಶೃತಿಯನ್ನು ಅಡುಗೆಮನೆಗೆ ಕರೆದು ಹೇಳಿದೆ. ಬಿ.ಎಡ್. ಓದುತ್ತಿರುವ ಹುಡುಗಿ. ಫೋನಿನಲ್ಲಿ ಹುಡುಕಿದ ಮೇಲೆ ಅವಳ ಮುಖ ಸಪ್ಪಗಾಯಿತು.

"ಕ್ಯಾಲ್ಸಿಯಂ ಕಡಿಮೆ ಆಗಿರ್ಬೇಕು ಅಂತೈತಿ. ಮೊಟ್ಟೆ ಸಿಪ್ಪೆ ಪುಡಿ ಕೊಡ್ಬಹುದಂತೆ. ಆದ್ರೆ ಅಮ್ಮಾ, ಇದು ನಕ್ಷತ್ರ ಆಮೆ. ಮನೇಲಿ ಸಾಕೋದೇ ಅಪರಾಧವಂತೆ. ಜೈಲಿಗೆ ಹಾಕ್ತಾರಂತೆ."

"ಮಲಗಿರೋ ನಿಮ್ಮಪ್ಪಾಜಿನ್ನ ಹಾಕ್ತಾರೇನು ಜೈಲಿಗೆ? ಬಾಯಿ ಮುಚ್ಚು" ಎಂದೆ. ಹೇಳಿದ್ದು ಜೋರಾಗಿಯೇ, ಆದರೆ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಹಾಕಿದೆ. ಊರಿನ ಪಶು ಆಸ್ಪತ್ರೆಗೆ ಹೋಗುವ ದಾರಿ ಅಲ್ಲಿಗೆ ಮುಚ್ಚಿತು. ಅಲ್ಲಿ ನನ್ನನ್ನು ಗುರುತಿಸದವರಿಲ್ಲ.

ನಮ್ಮದು ಲಿಂಗ ಕಟ್ಟಿದ ಮನೆ. ಹೊಸ್ತಿಲ ಒಳಗೆ ಮೊಟ್ಟೆ ಬಂದದ್ದಿಲ್ಲ. ಪಕ್ಕದ ಮನೆಯಲ್ಲಿ ಆಮ್ಲೆಟ್ ವಾಸನೆ ಬಂದರೆ ಕಿಟಕಿ ಮುಚ್ಚುವವಳು ನಾನು. ಸಂಕಟ ಬಂದಾಗ ವೆಂಕಟರಮಣ ಅಂತಾರಲ್ಲ, ಶನಿವಾರ ಸಂಜೆ ಅದೇ ನಾನು ತಲೆ ಮೇಲೆ ಸೆರಗು ಹೊದ್ದು, ಬಸ್ ನಿಲ್ದಾಣದ ಹತ್ತಿರ ಎಗ್‌ರೈಸ್ ಗಾಡಿ ಇಟ್ಟಿರುವ ದುರುಗಮ್ಮನ ಮುಂದೆ ನಿಂತೆ.

"ಮೊಟ್ಟಿ ಸಿಪ್ಪಿ ಇದ್ರ ಕೊಡೇ ದುರುಗಮ್ಮ."

"ಗುಲಾಬಿ ಗಿಡಕ್ಕೇನ್ರೀ ಅಮ್ಮಾರೆ?"

"ಹೂಂ, ಗಿಡಕ್ಕೆ."

ಒಂದು ಚೀಲ ತುಂಬಿಸಿಕೊಟ್ಟಳು. ಹಿತ್ತಲಲ್ಲಿ ಕೂತು, ಬಚ್ಚಲ ಕಲ್ಲಿನ ಮೇಲೆ ಅರೆದೆ. ಬಾಳೆಹಣ್ಣಿಗೆ ಬೆರೆಸಿ ಚುಕ್ಕಿಯ ಬಾಯಿಗೆ ಹಿಡಿದೆ. ಅದು ಬಾಯಿ ತೆರೆಯಿತು, ಮುಚ್ಚಲು ಆಗಲಿಲ್ಲ. ಕೆಳಗಿನ ದವಡೆ ಒಂದು ಕಡೆಗೆ ಬಾಗಿ ನಿಂತಿತು. ನಾನೇ ಬೆರಳಿನಿಂದ ಮುಚ್ಚಿದೆ. ಆ ದವಡೆಯೂ ರಬ್ಬರಿನ ಹಾಗಿತ್ತು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಅತ್ತೆ, ಅವರಿಗೆ ಕೇಳದ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡು.

ಭಾನುವಾರವೂ ಅವರು ಎರಡು ಚಮಚ ಗಂಜಿಯ ಮೇಲೆ ತೆಗೆದುಕೊಳ್ಳಲಿಲ್ಲ. ಕರಿಯಣ್ಣನಿಗೆ ಫೋನ್ ಹಚ್ಚಿದೆ. ಅವನು ಬಂದಳಿಕೆ ಬಯಲಲ್ಲಿ ಕುರಿ ಬಿಟ್ಟುಕೊಂಡಿದ್ದ. ಎಲ್ಲ ಕೇಳಿ, ತನ್ನ ಮಗಳ ಆಮೆಯ ಸುದ್ದಿ ಹೇಳಿದ.

"ನಮ್ದು ಸಣ್ಣಕ ಐತ್ರಿ. ಆದ್ರ ಕಲ್ಲಾಗೈತಿ. ಬೆಳಿಗ್ಗಿ ಎದ್ದು ತಾನೇ ಬಿಸ್ಲಿಗೆ ಹೊಕ್ಕತಿ, ಗರಿಕಿ ಮೇಯ್ತತಿ, ಕಾದಾಗ ಕಳ್ಳಿ ಬುಡಕ ಹೋಗಿ ಕುಂದರ್ತತಿ. ನಾವೇನೂ ಮಾಡಂಗಿಲ್ರಿ."

ನನಗೆ ಸಿಟ್ಟು ಬಂತು. ಏನೂ ಮಾಡದವರ ಮನೆಯದು ಕಲ್ಲಾಗಿದೆ, ಕಣ್ಣಲ್ಲಿ ಕಣ್ಣಿಟ್ಟು ಕಾದ ನಮ್ಮದು ಕರಗುತ್ತಿದೆ. ಇದು ಯಾವ ನ್ಯಾಯ? "ನಂಗೆ ದಾರಿ ಹೇಳೋ ಮಾರಾಯ" ಎಂದೆ. ಸೊರಬದಲ್ಲಿ ಕರುಣಾ ಎಂಬ ಡಾಕ್ಟರಮ್ಮ ಇದ್ದಾರೆ, ಮನೆಯ ಮುಂದೆಯೇ ನೋಡುತ್ತಾರೆ, ತನ್ನ ಕುರಿಗಳಿಗೆ ಜೀವ ಕೊಟ್ಟವರು ಅವರು ಎಂದ.

ಸೋಮವಾರ ಬೆಳಗಿನ ಬಸ್ಸು ಹತ್ತಿದೆ. ಬಿದಿರು ಬುಟ್ಟಿಯಲ್ಲಿ ಟವೆಲ್ ಸುತ್ತಿ ಚುಕ್ಕಿಯನ್ನು ಇಟ್ಟು, ಮೇಲೆ ವೀಳ್ಯದೆಲೆ ಮುಚ್ಚಿದ್ದೆ. ಹೊರಡುವಾಗ ನಮ್ಮನೆಯವರು ಬುಟ್ಟಿಯ ಅಂಚು ಹಿಡಿದುಕೊಂಡು ಬಿಡಲಿಲ್ಲ. "ಸಂಜಿಗೆ ಕರ್ಕೊಂಡು ಬರ್ತೀನ್ರೀ. ನಿಮ್ಮಾಣೆ" ಎಂದು ಬೆರಳು ಬಿಡಿಸಿಕೊಂಡೆ. ಆಣೆ ಇಡುವಾಗ ಯೋಚಿಸಿರಲಿಲ್ಲ.

ಬಸ್ಸಿನಲ್ಲಿ ಪಕ್ಕದ ಹೆಂಗಸು, "ಚಂದ್ರಗುತ್ತಿಗಾ? ಹರಕೆನಾ?" ಎಂದು ಬುಟ್ಟಿಗೆ ಕೈ ಹಾಕಲು ಬಂದಳು. "ಮಡಿಯದು, ಮುಟ್ಟಬ್ಯಾಡ" ಎಂದು ಗದರಿದೆ. ಶಿರಾಳಕೊಪ್ಪದಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಎಲೆಗಳ ಕೆಳಗೆ ಕೈ ತೂರಿಸಿ, ಅದರ ಕೊರಳ ಹತ್ತಿರ ಬೆರಳಿಟ್ಟುಕೊಂಡೇ ಇದ್ದೆ. ಉಸಿರು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಶಿವನೇ, ಇದನ್ನು ಉಳಿಸು, ಇದು ಹೋದರೆ ಅವರೂ ಹೋಗುತ್ತಾರೆ, ನಾನು ಯಾರಿಗೆ ಬೈದುಕೊಂಡು ಬದುಕಲಿ ಎಂದು ಕೇಳಿಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನಾನು ಬೇಡಿದ್ದು ಚುಕ್ಕಿಗಾಗಿ ಅಲ್ಲ.

ಡಾಕ್ಟರ್ ಕರುಣಾ ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವರಿದ್ದಾರು. ಎಲೆ ಸರಿಸಿ ನೋಡಿದ ಕೂಡಲೇ ಅವರ ಹುಬ್ಬು ಗಂಟಾಯಿತು. ಚಿಪ್ಪು ಮುಟ್ಟಿದರು, ಹೊಟ್ಟೆ ಕಡೆ ಮುಟ್ಟಿದರು, ದವಡೆ ಮುಟ್ಟಿದರು.

"ಎಲ್ಲಿಂದ ಬಂತಮ್ಮಾ ಇದು?"

"ಹೊಲದಾಗ ಸಿಕ್ತು" ಎಂದೆ. ಕರಿಯಣ್ಣನ ಹೆಸರು ಹೇಳಲಿಲ್ಲ.

"ಏನ್ ಹಾಕ್ತಿದ್ರಿ?"

ಹೇಳಿದೆ. ಹಾಲು ನಮ್ಮನೆಯ ಎಮ್ಮೆಯದು, ಗಟ್ಟಿ ಹಾಲು ಎಂದೂ ಸೇರಿಸಿದೆ.

"ಬಿಸ್ಲಿಗೆ ಬಿಡ್ತಿದ್ರಾ?"

"ಬಿಸ್ಲಿಗ್ಯಾಕೆ? ಬೆಚ್ಚಗೆ ಕೋಣ್ಯಾಗ ಇತ್ತು. ಗಾಳಿ ಸೈತ ಸೋಕಿಸಿಲ್ಲ ನಾನು."

ಅವರು ಚುಕ್ಕಿಯನ್ನು ಟವೆಲ್ಲಿನ ಮೇಲೆ ಮೆಲ್ಲಗೆ ಇಳಿಸಿದರು. ಆಮೇಲೆ ಹೇಳಿದರು. "ನೋಡಿ ಅಮ್ಮಾ, ಇದು ಒಣ ನೆಲದ ಪ್ರಾಣಿ. ಹುಲ್ಲು, ಸೊಪ್ಪು ತಿಂದ್ಕಂಡು ಬಿಸ್ಲಲ್ಲಿ ಓಡಾಡೋದು. ಮರಿ ಇದ್ದಾಗ ಚಿಪ್ಪು ಸ್ವಲ್ಪ ಮೆತ್ತಗಿರತ್ತೆ, ವರ್ಷ ತುಂಬೋ ಹೊತ್ತಿಗೆ ಉಗುರಿನ ಹಾಗೆ ಗಟ್ಟಿ ಆಗ್ಬೇಕು. ಬಿಸ್ಲೇ ಬೀಳ್ದಿದ್ರೆ ನೀವು ಏನ್ ತಿನ್ಸಿದ್ರೂ ಸುಣ್ಣದ ಅಂಶ ಮೂಳೆಗೆ ಹೋಗಲ್ಲ. ಚಿಪ್ಪು ಅಂದ್ರೂ ಮೂಳೆನೇ. ಹಾಲನ್ನ, ಬಾಳೆಹಣ್ಣಿಂದ ಮೈ ಬೆಳೀತು, ಮೂಳೆ ಬೆಳೀಲಿಲ್ಲ. ಬೇಗ ದೊಡ್ಡದಾಯ್ತು ಅಂತ ಖುಷಿಪಟ್ರಿ ಅಲ್ವಾ? ಅದೇ ಕಾಯಿಲೆ."

"ಮಗಿನಂಗೆ ಸಾಕೀನಿ ತಾಯಿ."

"ಪ್ರೀತಿ ಇಲ್ಲ ಅಂತ ಯಾರು ಹೇಳಿದ್ರು? ಬಿಸ್ಲಿಲ್ಲ ಅಂದೆ."

"ಇವತ್ತಿನಿಂದ ಬಿಸ್ಲಿಗೆ ಇಡ್ತೀನಿ. ಸೊಪ್ಪು ಹಾಕ್ತೀನಿ. ಉಳೀತೈತಾ?"

"ಮೊದಲ ಕೆಲವು ತಿಂಗಳಲ್ಲೇ ಶುರು ಮಾಡಿದ್ರೆ ಎಲ್ಲ ನೆಟ್ಟಗಾಗ್ತಿತ್ತು. ಈಗ ಒಂದು ವರ್ಷ ಹೋಗಿದೆ. ಬದುಕಿದ್ರೂ ಡೊಂಕು ಹಾಗೇ ಉಳಿಯತ್ತೆ. ಇಂಜೆಕ್ಷನ್ ಕೊಡ್ಬೇಕು, ಕೊಳವೆಲಿ ಹೊಟ್ಟೆಗೆ ಹಾಕ್ಬೇಕು, ತಿಂಗಳುಗಟ್ಲೆ. ಮನೇಲಿ ಆಗೋ ಕೆಲ್ಸ ಅಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದರು. "ಇನ್ನೊಂದು, ಇದನ್ನ ನಿಮ್ಮ ಕೈಗೆ ವಾಪಸ್ ಕೊಡೋ ಹಾಗಿಲ್ಲ ನಾನು. ಅರಣ್ಯ ಇಲಾಖೆಗೆ ಹೇಳ್ಲೇಬೇಕು. ಅವರು ಇಂಥವನ್ನ ನೋಡ್ಕಳೋ ಜಾಗಕ್ಕೆ ಕಳಿಸ್ತಾರೆ. ನೀವಾಗೇ ತಂದು ಒಪ್ಪಿಸಿದ್ರಿ ಅಂತ ಬರ್ಕೊಡ್ತೀನಿ."

ನನಗೆ ಮೈಯೆಲ್ಲ ಉರಿದುಹೋಯಿತು. ಏನೇನು ಕೂಗಾಡಿದೆನೋ. ಮನೆಯಲ್ಲಿ ಒಬ್ಬರು ಇದರ ಮೇಲೆ ಜೀವ ಇಟ್ಟುಕೊಂಡು ಮಲಗಿದ್ದಾರೆ, ನಾನು ಆಣೆ ಇಟ್ಟು ಬಂದಿದ್ದೇನೆ, ನೀವು ಒಂದು ಪ್ರಾಣಿ ಉಳಿಸಲು ಮನುಷ್ಯನನ್ನು ಕೊಲ್ಲುತ್ತೀರಾ ಎಂದೆ. ಬುಟ್ಟಿ ಕಸಿದುಕೊಂಡು ಹೊರಟೇಬಿಟ್ಟೆ. ಅವರು ತಡೆಯಲಿಲ್ಲ, ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

ಗೇಟಿನ ತನಕ ಹೋದವಳಿಗೆ ಚುಕ್ಕಿಗೆ ಉಸಿರಿದೆಯೋ ಇಲ್ಲವೋ ನೋಡಬೇಕೆನಿಸಿತು. ಅಲ್ಲೇ ಕಟ್ಟೆಯ ಮೇಲೆ ಕೂತು, ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಟವೆಲ್ ಸರಿಸಿದೆ. ಹನ್ನೊಂದು ಗಂಟೆಯ ಬಿಸಿಲು ನೇರವಾಗಿ ಬುಟ್ಟಿಯೊಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಚುಕ್ಕಿಯ ಒಂದು ಕಣ್ಣು ತೆರೆಯಿತು. ಆಮೇಲೆ ಅದು ಕೊರಳು ಚಾಚಿತು. ಚಾಚಿತು, ಇನ್ನೂ ಚಾಚಿತು. ಅದಕ್ಕೆ ಅಷ್ಟುದ್ದ ಕೊರಳಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಒಂದು ವರ್ಷ ನನ್ನ ಕೈಯಲ್ಲಿ ಉಂಡ ಪ್ರಾಣಿ, ಒಮ್ಮೆಯೂ ಆ ಕೋಣೆಯಲ್ಲಿ ಹಾಗೆ ತಲೆ ಎತ್ತಿರಲಿಲ್ಲ. ಮುಖವನ್ನು ಬಿಸಿಲಿಗೆ ಕೊಟ್ಟು ಕಣ್ಣು ಮುಚ್ಚಿಕೊಂಡಿತು.

ನಾನು ಎದ್ದು ವಾಪಸ್ ಹೋಗಿ ಬುಟ್ಟಿಯನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಮಾಸ್ತಪ್ಪ ಎಂಬ ಫಾರೆಸ್ಟ್ ಗಾರ್ಡ್ ಬೈಕಿನಲ್ಲಿ ಬಂದು, ಕಾನೂನು ಹೇಳಿ ಗದರಿ, ಕಾಗದ ಬರೆದರು. ಎದುರಾಡದೆ ಬೈಸಿಕೊಂಡು ಸಹಿ ಹಾಕಿದೆ. ಡಾಕ್ಟರು ಚುಕ್ಕಿಯನ್ನು ತಮ್ಮ ಡಬ್ಬಕ್ಕೆ ವರ್ಗಾಯಿಸಿದರು. ಗ್ಯಾರಂಟಿ ಕೊಡಲಾರೆ ಎಂದು ಇನ್ನೊಮ್ಮೆ ಹೇಳಿದರು.

ಮನೆ ಮುಟ್ಟಿದಾಗ ಐದು ಗಂಟೆ. ಬಸ್ಸಿನಲ್ಲಿ ಬರುತ್ತಾ ಸುಳ್ಳು ಜೋಡಿಸಿಕೊಂಡಿದ್ದೆ. ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಟುಕೊಳ್ಳುತ್ತಾರೆ, ಆಮೇಲೆ ಕೊಡುತ್ತಾರೆ ಎಂದು. ಕೋಣೆಯ ಬಾಗಿಲು ತೆರೆದರೆ ಅವರು ಬುಟ್ಟಿಯನ್ನೇ ನೋಡುತ್ತಿದ್ದರು. ಎಡಗೈ ಚಾಚಿದರು. ಕೊಟ್ಟೆ. ಟವೆಲ್ ಮಡಿಕೆಯೊಳಗೆಲ್ಲ ತಡಕಾಡಿದರು. ಜೋಡಿಸಿಕೊಂಡಿದ್ದ ಸುಳ್ಳನ್ನು ಅಲ್ಲೇ ಬಿಟ್ಟೆ.

ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಕೊಟ್ಟು ಬಂದೆ ಎಂದೆ. ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಕತ್ತಲಲ್ಲಿಟ್ಟದ್ದು ತಪ್ಪಂತೆ, ಮೆತ್ತನೆಯದು ಉಣಿಸಿದ್ದು ತಪ್ಪಂತೆ, ನಡೆಯಲು ಬಿಡದಿದ್ದು ತಪ್ಪಂತೆ, ಮೊದಲ ಕೆಲವು ತಿಂಗಳಲ್ಲೇ ಹೊರಗೆ ಬಿಟ್ಟಿದ್ದರೆ ನೆಟ್ಟಗಾಗುತ್ತಿತ್ತಂತೆ. "ಅವ್ಳಿಗೇನು ಗೊತ್ತು, ನಾನು ಹೆಂಗ್ ಸಾಕೀನಿ ಅಂತ" ಎಂದು ಆ ಡಾಕ್ಟರನ್ನೂ ಬೈದೆ, ಅರಣ್ಯದವರನ್ನೂ ಬೈದೆ, ಕರಿಯಣ್ಣನನ್ನೂ ಬೈದೆ. ಗಟ್ಟಿಯಾಗಿ ಅತ್ತೆ. ನೀವು ಉಪವಾಸ ಮಾಡಬೇಡಿ ಎಂದು ಅವರ ಕಾಲು ಹಿಡಿದುಕೊಂಡೆ.

ಅವರು ಕೇಳಿಸಿಕೊಂಡರು. ನಾಲಿಗೆ ಹೊರಳಿಸಲು ಬಹಳ ಕಷ್ಟಪಟ್ಟರು. "ಒಳ್ಳೇದ್... ಮಾಡ್ದಿ" ಎಂದರು. ನಾನು ಮುಖ ಎತ್ತಿದೆ. ಅವರು ಇನ್ನೂ ಏನೋ ಹೇಳಲು ತುಟಿ ಕೂಡಿಸುತ್ತಿದ್ದರು. ಕಾದೆ.

"ಅದಕ್ಕಾದ್ರೂ... ಬಿಸ್ಲು... ಸಿಕ್ತಲ್ಲ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಾನು ತಿರುಗಿ ಬೈದು ಹೇಗೋ ಬಚಾವಾಗುತ್ತಿದ್ದೆ. ಅವರ ಪಾಡಿಗೆ ಅವರು ಒಂದು ಮಾತು ಹೇಳಿ, ಗೋಡೆಯ ಕಡೆ ತಿರುಗಿದರು. ನಾನು ಹೊದಿಕೆ ಸರಿಸಿ ಅವರ ಕಾಲು ನೋಡಿದೆ. ದಿನಾ ಒರೆಸುವ ಕಾಲೇ. ಮೀನಖಂಡ ಮಣಿಕಟ್ಟಿನಷ್ಟಾಗಿತ್ತು, ಚರ್ಮ ನೆಲಮಾಳಿಗೆಯ ಗಡ್ಡೆಯ ಹಾಗೆ ಬಿಳುಚಿಕೊಂಡಿತ್ತು. ಹದಿಮೂರು ತಿಂಗಳ ಕತ್ತಲು. ನನ್ನ ಈ ಕೈಯಿಂದಲೇ.

"ಶೃತೀ, ಕುರ್ಚಿ ತಾರೇ!" ಎಂದು ಕಿರುಚಿದೆ.

ಅವಳೂ ನಾನೂ ಅವರನ್ನು ಎತ್ತಿ ಕೂರಿಸಿದೆವು. ನಾನಿಲ್ಲದಾಗ ಅವರನ್ನು ನೋಡಿಕೊಳ್ಳಲು ಬಂದು ನಡುಮನೆಯಲ್ಲಿ ಕೂತಿದ್ದ ವರದಮ್ಮ, "ಏ ಜಗದಾಂಬ, ಗಾಳಿ ಬಡಿತೈತಲೇ, ಜೀವ ಹೋಗ್ತೈತಿ" ಎಂದು ಎದ್ದು ಬಂದರು. "ಬಡೀಲಿ, ನೀವು ದಾರಿ ಬಿಡ್ರಿ" ಎಂದೆ. ಕುರ್ಚಿಯನ್ನು ಹಿಡಿದೆತ್ತಿ ಹೊಸ್ತಿಲು ದಾಟಿಸಿದೆವು. ನಮ್ಮ ಜಗುಲಿಯ ಮೇಲೆ ಬಿಸಿಲು ಹೋಗಿ ಬಹಳ ಹೊತ್ತಾಗಿತ್ತು. ಎದುರು ಮನೆಯ ಗೋಡೆಯ ಮೇಲೆ ಮಾತ್ರ ಇನ್ನೊಂದು ಮೊಳ ಉಳಿದಿತ್ತು. ಎರಡು ಸಲ ಕೆಳಗಿಳಿಸಿ ದಮ್ಮು ತೆಗೆದುಕೊಂಡು, ರಸ್ತೆ ದಾಟಿಸಿ, ಆ ಗೋಡೆಗೆ ಕುರ್ಚಿ ಒರಗಿಸಿದೆವು. ಅವರು ಕಣ್ಣು ಬಿಡಲಾರದೆ ಮುಖ ಕಿವುಚಿದರು. ಕಣ್ಣಿಂದ ಒಂದೇ ಸಮನೆ ನೀರು ಇಳಿಯಿತು. ಮುಖವನ್ನು ಮಾತ್ರ ಆ ಕಡೆ ತಿರುಗಿಸಲಿಲ್ಲ.

ಎದುರು ಮನೆಯ ಸಣ್ಣಪ್ಪ ಒದ್ದೆ ಕೈಯಲ್ಲೇ ಓಡಿ ಬಂದರು. "ಏನಾತ್ರೀ ಅಕ್ಕಾರೆ? ಆಸ್ಪತ್ರಿಗೆ ಗಾಡಿ ತರ್ಲೇನ್ರೀ?"

"ಬ್ಯಾಡ್ರಿ. ನಿಮ್ ಗ್ವಾಡಿ ಹತ್ರ ಬಿಸ್ಲೈತಿ. ಇರೋತನಕ ಕುಂದರ್ತಾರ" ಎಂದೆ.